ಸಂಧಿ ಬಿಡಿಸಲು ಕಲಿಯುವ ಕಿವಿ

(ಬಿ1 ಪ್ರಿಲಿಮಿನರಿ ಇಂಗ್ಲಿಷ್ ಪರೀಕ್ಷೆಗೆ ಕೂರಲಿರುವ ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಲಿಸನಿಂಗ್, ಅಂದರೆ ಕೇಳಿ ಉತ್ತರಿಸುವ ಪತ್ರಿಕೆಯ ವಿಷಯ ಬಂದಾಗಲೆಲ್ಲ ನನಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: ಪರೀಕ್ಷೆ ಬರುವಷ್ಟರಲ್ಲಿ ಎಷ್ಟು ಮಾದರಿ ಪತ್ರಿಕೆ ಮುಗಿಸಬೇಕು? ಇವತ್ತೂ ಬಾಗಿಲಲ್ಲೇ ಒಬ್ಬರು ಕೇಳಿದರು. ನಾಲ್ಕೈದು ಸಾಕು ಎಂದೆ. ಅವರ ಮುಖ ಸಣ್ಣದಾಯಿತು. ಮಗ ಈಗಾಗಲೇ ರಾಶಿ ಪತ್ರಿಕೆ ಬಿಡಿಸಿದ್ದಾನಂತೆ, ಅಂಕ ಮಾತ್ರ 25ಕ್ಕೆ 14ರ ಆಸುಪಾಸಿನಲ್ಲೇ ನಿಂತಿದೆಯಂತೆ. ನಿಲ್ಲದೆ ಇನ್ನೇನಾದೀತು? ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಗುವನ್ನು ತೂಗುತ್ತಾರೆ. ದಿನಕ್ಕೆ ಮೂರು ಸಲ ತೂಗಿದರೆ ಮಗು ಮೈದುಂಬುವುದಿಲ್ಲ. ಮಾದರಿ ಪತ್ರಿಕೆ ಬಿಡಿಸುವುದು ತೂಗುವ ಕೆಲಸ. ಉಣಿಸುವ ಕೆಲಸ ಬೇರೆಯೇ ಇದೆ. ನಾನು ಇವತ್ತು ಹೆಚ್ಚು ಹೊತ್ತು ಹೇಳಬೇಕೆಂದಿರುವುದು ಅದನ್ನೇ.

ಪರೀಕ್ಷೆಯ ಸ್ವರೂಪ ನಿಮಗೆ ಗೊತ್ತಿದೆ, ಆದರೂ ಪೋಷಕರಿಗಾಗಿ ಚುಟುಕಾಗಿ ಹೇಳುತ್ತೇನೆ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಭಾಷೆಯ ಕಲಿಕೆಗೆ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಿವೆ. ಬಿ1 ಮೂರನೆಯದು. ಬ್ರಿಟನ್ನಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಪರೀಕ್ಷಾ ಸಂಸ್ಥೆ ನಡೆಸುವ ಬಿ1 ಪ್ರಿಲಿಮಿನರಿಯ ಲಿಸನಿಂಗ್ ಭಾಗಕ್ಕೆ ಸುಮಾರು 30 ನಿಮಿಷ, ನಾಲ್ಕು ಭಾಗ, 25 ಪ್ರಶ್ನೆ. ಕಾಗದದಲ್ಲಿ ಬರೆಯುವವರಿಗೆ ಉತ್ತರಗಳನ್ನು ಉತ್ತರ ಹಾಳೆಗೆ ಇಳಿಸಲು ಕೊನೆಯಲ್ಲಿ 6 ನಿಮಿಷ ಹೆಚ್ಚುವರಿ ಸಿಗುತ್ತದೆ. ಪ್ರತಿಯೊಂದು ಧ್ವನಿಯನ್ನೂ, ಅಂದರೆ ಮುದ್ರಿಸಿಟ್ಟ ಮಾತನ್ನೂ, ಎರಡು ಸಲ ಕೇಳಿಸುತ್ತಾರೆ. ಇದು ದೊಡ್ಡ ಕೃಪೆ, ಇನ್ನೊಂದು ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿ ಒಂದೇ ಸಲ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಓದು, ಬರಹ, ಆಲಿಸುವಿಕೆ, ಮಾತು ನಾಲ್ಕಕ್ಕೂ ಸಮಾನ ತೂಕ, ನಾಲ್ಕರ ಸರಾಸರಿ ಕೇಂಬ್ರಿಜ್‌ನವರದೇ ಅಂಕದ ಅಳತೆಯಲ್ಲಿ 140 ಮುಟ್ಟಿದರೆ ಉತ್ತೀರ್ಣ. ಹಾಗಾಗಿ ಬರಹದಲ್ಲಿ ಗಳಿಸಿದ್ದನ್ನು ಲಿಸನಿಂಗ್ ತಿಂದುಹಾಕಬಹುದು, ಎಷ್ಟೋ ಜನರ ವಿಷಯದಲ್ಲಿ ಆಗುವುದೂ ಅದೇ. ನಡುವೆ ಒಂದು ಎಚ್ಚರಿಕೆ: ವೀಸಾಕ್ಕಾಗಿ ಪರೀಕ್ಷೆ ಬರೆಯುವವರು ಇಲ್ಲಿದ್ದರೆ, ಹಣ ಕಟ್ಟುವ ಮುಂಚೆ ಆಯಾ ದೇಶದ ಸರ್ಕಾರ ಒಪ್ಪುವ ಪರೀಕ್ಷೆಗಳ ಪಟ್ಟಿ ನೋಡಿಕೊಳ್ಳಿ. ಬ್ರಿಟನ್ನಿನ ವೀಸಾಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ.

ಈಗ ಪ್ರಶ್ನೆ ಕಟ್ಟುವವರ ಜಾಣತನ ನೋಡೋಣ. ಮೊದಲ ಭಾಗದಲ್ಲಿ ಪ್ರತಿ ಪ್ರಶ್ನೆಗೆ ಮೂರು ಚಿತ್ರಗಳಿರುತ್ತವೆ. ನಾನೇ ಕಟ್ಟಿದ ಒಂದು ಉದಾಹರಣೆ ಕೊಡುತ್ತೇನೆ. ಪ್ರಶ್ನೆ: ಹುಡುಗಿ ಅಜ್ಜಿಯ ಹುಟ್ಟುಹಬ್ಬಕ್ಕೆ ಏನು ಕೊಳ್ಳುತ್ತಾಳೆ? ಚಿತ್ರಗಳು: ಸ್ಕಾರ್ಫ್, ಪುಸ್ತಕ, ಹೂಕುಂಡ. ಧ್ವನಿಯಲ್ಲಿ ಅಣ್ಣ ತಂಗಿ ಮಾತನಾಡುತ್ತಿದ್ದಾರೆ. ತಂಗಿ ಹೇಳುತ್ತಾಳೆ: ಸ್ಕಾರ್ಫ್ ಕೊಡೋಣ ಅಂತಿದ್ದೆ, ಚಿಕ್ಕಮ್ಮ ಆಗಲೇ ಒಂದು ತಂದಿಟ್ಟಿದ್ದಾಳೆ. ಅಣ್ಣ ಕೇಳುತ್ತಾನೆ: ಪುಸ್ತಕ ಆಗಬಹುದಲ್ಲ? ಅವಳೆನ್ನುತ್ತಾಳೆ: ಅಜ್ಜಿಗೆ ಪುಸ್ತಕ ಅಂದರೆ ಪ್ರಾಣ, ಆದರೆ ಈಗ ಕಣ್ಣು ಸಾಲದು, ಕಿಟಕಿಯ ಹತ್ತಿರ ಇಟ್ಟುಕೊಂಡು ದಿನಾ ನೀರು ಹಾಕುವಂಥದ್ದು ಏನಾದರೂ ಇದ್ದರೆ ಅವಳಿಗೂ ಹೊತ್ತು ಹೋಗುತ್ತದೆ. ಅಣ್ಣ: ಸರಿ, ಹಾಗೇ ಮಾಡು.

ಗಮನಿಸಿದಿರಾ? ಸ್ಕಾರ್ಫ್ ಎಂಬ ಪದ ಬಂತು. ಪುಸ್ತಕ ಎಂಬ ಪದ ಎರಡು ಸಲ ಬಂತು, ಅದೂ ಪ್ರಾಣ ಎಂಬ ಮಾತಿನ ಜೊತೆಗೆ. ಹೂಕುಂಡ, ಗಿಡ, ಹೂವು ಇವು ಯಾವುವೂ ಬರಲೇ ಇಲ್ಲ. ಸರಿಯುತ್ತರ ಅದೇ. ತಪ್ಪು ಆಯ್ಕೆಗಳನ್ನು ಬಾಯಿಬಿಟ್ಟು ಹೇಳುತ್ತಾರೆ, ಸರಿಯಾದದ್ದನ್ನು ಸುತ್ತಿ ಬಳಸಿ ಹೇಳುತ್ತಾರೆ. ಕಿವಿಗೆ ಬಿದ್ದ ಪರಿಚಿತ ಪದವನ್ನು ಹಿಡಿದುಕೊಂಡು ತಕ್ಷಣ ಗುರುತು ಹಾಕುವ ವಿದ್ಯಾರ್ಥಿಗೆಂದೇ ತೋಡಿದ ಹಳ್ಳ ಇದು. ಶಾಲೆಯಲ್ಲಿ ಅವನಿಗೆ ಕಲಿಸಿದ್ದೂ ಹಾಗೆಯೇ: ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕು, ಅದರ ಮುಂದಿನ ಸಾಲು ಬರೆದುಬಿಡು. ನಮ್ಮ ಎಸ್‌ಎಸ್‌ಎಲ್‌ಸಿ ಇಂಗ್ಲಿಷಿನ ಲಿಖಿತ ಪತ್ರಿಕೆಯಲ್ಲಿ ಆ ಉಪಾಯಕ್ಕೆ ಅಂಕ ಬಂದಿರಬಹುದು. ಇಲ್ಲಿ ಬರುವುದಿಲ್ಲ.

ಹಾಗಾದರೆ ಏನಕ್ಕೆ ಕಾಯಬೇಕು? ತಿರುವಿಗೆ. ‘ಐ ವಾಸ್ ಗೋಯಿಂಗ್ ಟು’ ಎಂದರೆ ಆ ಯೋಜನೆ ಬಿದ್ದುಹೋಯಿತು ಎಂದೇ ಅರ್ಥ. ‘ಯೂಸ್ಡ್ ಟು’ ಎಂದರೆ ಈಗಿಲ್ಲ. ‘ಆಕ್ಚುಯಲಿ’, ‘ಇನ್‌ಸ್ಟೆಡ್’, ‘ಇನ್ ದಿ ಎಂಡ್’ ಬಂದರೆ ಕಿವಿ ನಿಮಿರಬೇಕು. ಆದರೆ ಇದನ್ನೇ ಸೂತ್ರ ಮಾಡಿಕೊಂಡು ಕೂರಬೇಡಿ. ‘ಬಟ್’ ಬಂದ ಮೇಲೆ ಉತ್ತರ ಬರುತ್ತದೆಂದು ಎಲ್ಲ ಕೋಚಿಂಗ್ ತರಗತಿಗಳಲ್ಲಿ ಹೇಳಿಕೊಡುತ್ತಾರೆ, ಪ್ರಶ್ನೆ ಕಟ್ಟುವವರಿಗೂ ಅದು ತಿಳಿದಿದೆ. ಎರಡನೆಯ ಭಾಗದಲ್ಲಿ, ಅಂದರೆ ಆರು ಪುಟ್ಟ ಸಂಭಾಷಣೆಗಳ ಭಾಗದಲ್ಲಿ, ಅಭಿಪ್ರಾಯ ಕೇಳುತ್ತಾರೆ. ಇಬ್ಬರೂ ಒಪ್ಪಿದ ವಿಷಯ ಯಾವುದು, ಅವನಿಗೆ ಹೇಗನ್ನಿಸಿತು, ಇಂಥವು. ಅಲ್ಲಿ ಬ್ರಿಟಿಷರ ಸಂಕೋಚದ ಪರಿಚಯ ಬೇಕು. ‘ನಾಟ್ ಬ್ಯಾಡ್’ ಎಂದರೆ ಅವರು ಬೈಯುತ್ತಿಲ್ಲ. ನಮ್ಮ ಕಡೆಯ ಹಿರಿಯರು ಮದುವೆ ಊಟ ಚಪ್ಪರಿಸಿ ಉಂಡು ಬಂದು ‘ಪರವಾಗಿಲ್ಲ’ ಅನ್ನುವುದಿಲ್ಲವೇ, ಅದೇ ಜಾತಿಯ ಮಾತು.

ಇಷ್ಟೆಲ್ಲ ಉಪಾಯ ಗೊತ್ತಿದ್ದೂ ಅಂಕ ಬಾರದವರಿದ್ದಾರೆ. ನಾನು ಕಂಡವರಲ್ಲಿ ಅವರೇ ಹೆಚ್ಚು. ಧ್ವನಿ ಮುಗಿದ ಮೇಲೆ ಅದರ ಬರಹ ಪಾಠವನ್ನು, ಅಂದರೆ ಟ್ರಾನ್ಸ್‌ಕ್ರಿಪ್ಟ್ ಅನ್ನು, ಅವರ ಕೈಗೆ ಕೊಟ್ಟು ನೋಡಿ. ‘ಅಯ್ಯೋ, ಇಷ್ಟೇನಾ? ಇದೆಲ್ಲ ನನಗೆ ಗೊತ್ತಿರುವ ಪದಗಳೇ’ ಎನ್ನುತ್ತಾರೆ. ನಿಜವನ್ನೇ ಹೇಳುತ್ತಾರೆ. ಗೊತ್ತಿರುವ ಪದಗಳು ಕಣ್ಣಿಗೆ ಗೊತ್ತು, ಕಿವಿಗೆ ಗೊತ್ತಿಲ್ಲ. ಯಾಕೆಂದರೆ ಆ ಪದಗಳು ಪುಸ್ತಕದಲ್ಲಿ ಒಂದೊಂದಾಗಿ ನಿಂತಿರುತ್ತವೆ, ಬಾಯಲ್ಲಿ ಒಂದರೊಳಗೊಂದು ಸೇರಿಕೊಂಡಿರುತ್ತವೆ.

ಇದನ್ನು ಕನ್ನಡದ ಮಕ್ಕಳಿಗೆ ವಿವರಿಸುವುದು ಸುಲಭ. ಇದಕ್ಕೆ ಬೇಕಾದ ವ್ಯಾಕರಣವನ್ನು ಅವರು ಎಂಟನೆಯ ತರಗತಿಯ ಹೊತ್ತಿಗೇ ಓದಿರುತ್ತಾರೆ, ಕನ್ನಡ ಪೀರಿಯಡ್ಡಿನಲ್ಲಿ. ಸಂಧಿ ನೆನಪಿದೆಯೇ? ಊರು ಮತ್ತು ಅಲ್ಲಿ ಸೇರಿ ಊರಲ್ಲಿ, ಲೋಪ ಸಂಧಿ. ಮನೆ ಮತ್ತು ಅನ್ನು ಸೇರಿ ಮನೆಯನ್ನು, ಯಕಾರ ಆಗಮ. ಗುರು ಮತ್ತು ಅನ್ನು ಸೇರಿ ಗುರುವನ್ನು, ವಕಾರ ಆಗಮ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಆದೇಶ. ಇವನ್ನು ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡು ಮರೆತುಬಿಟ್ಟಿದ್ದೀರಿ. ಈಗ ಇಂಗ್ಲಿಷಿಗೆ ಹಾಕಿ ನೋಡಿ.

‘ಸೀ ಇಟ್’ ಎಂದು ಬರೆಯುತ್ತಾರೆ. ಬಾಯಲ್ಲಿ ಅದು ‘ಸೀಯಿಟ್’. ನಡುವೆ ಒಂದು ಸಣ್ಣ ಯಕಾರ ಬಂದಿದೆ, ಮನೆಯನ್ನು ಎಂಬಲ್ಲಿ ಬಂದ ಹಾಗೆ. ‘ಗೋ ಆನ್’ ಎನ್ನುವುದು ‘ಗೋವಾನ್’, ಗುರುವನ್ನು ಎಂಬುದರ ವಕಾರ. ಬ್ರಿಟಿಷರ ಬಾಯಲ್ಲಿ ರಕಾರವೂ ಇಲ್ಲದ ಕಡೆ ಬಂದು ಕೂರುತ್ತದೆ: ‘ಐಡಿಯಾ ಆಫ್’ ಎನ್ನುವುದು ‘ಐಡಿಯರವ್’ ಎಂದು ಕೇಳಿಸುತ್ತದೆ. ‘ನೆಕ್ಸ್ಟ್ ಡೇ’ಯಲ್ಲಿ ಟಕಾರ ಲೋಪವಾಗಿ ‘ನೆಕ್ಸ್‌ಡೇ’. ‘ಲಾಸ್ಟ್ ನೈಟ್’ ಹಾಗೆಯೇ ‘ಲಾಸ್‌ನೈಟ್’. ‘ಟೆನ್ ಪೌಂಡ್ಸ್’ನಲ್ಲಿ ನಕಾರದ ಜಾಗಕ್ಕೆ ಮಕಾರ ಬಂದು ‘ಟೆಂಪೌಂಡ್ಸ್’, ಇದು ಆದೇಶ. ‘ಡಿಡ್ ಯು’ ಎರಡೂ ಕರಗಿ ‘ಡಿಜು’ ಆಗುತ್ತದೆ. ವ್ಯಂಜನದಿಂದ ಮುಗಿಯುವ ಪದದ ಮುಂದೆ ಸ್ವರದ ಪದ ಬಂದರೆ ಎರಡೂ ಅಂಟಿಕೊಂಡುಬಿಡುತ್ತವೆ: ‘ಪಿಕ್ ಇಟ್ ಅಪ್’ ಎನ್ನುವುದು ‘ಪಿಕಿಟಪ್’, ‘ಟರ್ನ್ ಇಟ್ ಆಫ್’ ಎನ್ನುವುದು ‘ಟರ್ನಿಟಾಫ್’. ನಿಘಂಟಿನಲ್ಲಿ ‘ಟರ್ನಿಟಾಫ್’ ಹುಡುಕಿದರೆ ಎಲ್ಲಿ ಸಿಗುತ್ತದೆ?

ಒಂದು ವ್ಯತ್ಯಾಸವಿದೆ. ಕನ್ನಡದಲ್ಲಿ ಸಂಧಿಯಾದರೆ ಬರವಣಿಗೆಯಲ್ಲೂ ಕಾಣಿಸುತ್ತದೆ. ಊರಲ್ಲಿ ಎಂದು ಆಡುತ್ತೇವೆ, ಊರಲ್ಲಿ ಎಂದೇ ಬರೆಯುತ್ತೇವೆ. ಇಂಗ್ಲಿಷಿನವರು ಸಂಧಿ ಮಾಡಿ ಆಡುತ್ತಾರೆ, ಬಿಡಿಸಿ ಬರೆಯುತ್ತಾರೆ. ಆದ್ದರಿಂದ ಇಂಗ್ಲಿಷನ್ನು ಓದಿಯೇ ಕಲಿತವನಿಗೆ ಸಂಧಿಯೊಂದು ನಡೆಯುತ್ತಿದೆ ಎಂಬ ಸುಳಿವೇ ಸಿಕ್ಕಿರುವುದಿಲ್ಲ.

ಇದರ ಜೊತೆಗೆ ಇನ್ನೊಂದು ತೊಂದರೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಮಾತ್ರೆ ಸಿಗುತ್ತದೆ, ಲಘುವಾದರೆ ಒಂದು, ಗುರುವಾದರೆ ಎರಡು. ಯಾರಿಗೂ ಮೋಸವಿಲ್ಲ. ಇಂಗ್ಲಿಷಿನಲ್ಲಿ ಅರ್ಥ ಹೊತ್ತ ಪದಗಳಿಗೆ ಒತ್ತು ಕೊಟ್ಟು, ‘ಆಫ್’, ‘ಟು’, ‘ಅಂಡ್’, ‘ಫಾರ್’, ‘ವಾಸ್’, ‘ಹ್ಯಾವ್’ ಇಂಥವನ್ನು ಹಿಂಡಿಬಿಡುತ್ತಾರೆ. ‘ಅಂಡ್’ ಬರೀ ‘ನ್’ ಆಗುತ್ತದೆ. ‘ಶುಡ್ ಹ್ಯಾವ್’ ಎನ್ನುವುದು ‘ಶುಡವ್’. ‘ಹಿಮ್’, ‘ಹರ್’ ಎಂಬಲ್ಲಿ ಹಕಾರವೇ ಬಿದ್ದುಹೋಗುತ್ತದೆ.

ನಮ್ಮ ತರಗತಿಯ ಒಬ್ಬಳು ಜಾಣ ಹುಡುಗಿಯ ಕಥೆ ಹೇಳುತ್ತೇನೆ. ಧ್ವನಿಯಲ್ಲಿ ಒಬ್ಬ, ‘ನಾಳೆ ಅವಳನ್ನೇ ಕೇಳುತ್ತೇನೆ’ ಎಂಬರ್ಥದ ವಾಕ್ಯ ಹೇಳುತ್ತಾನೆ. ‘ಆಸ್ಕ್ ಹರ್’ ಎಂಬುದು ಹಕಾರ ಬಿದ್ದು ಅವಳಿಗೆ ‘ಆಸ್ಕರ್’ ಎಂದು ಕೇಳಿಸಿತು. ಆಸ್ಕರ್ ಎಂದರೆ ಸಿನಿಮಾ ಪ್ರಶಸ್ತಿ. ಅಲ್ಲಿಂದ ಮುಂದೆ ಅವಳ ಕಿವಿಗೆ ಬಿದ್ದದ್ದೆಲ್ಲ ಸಿನಿಮಾ. ‘ಟಿಕೆಟ್’ ಬಂತು, ಅದು ಥಿಯೇಟರಿನದು ಎಂದುಕೊಂಡಳು, ಅದು ರೈಲಿನದಾಗಿತ್ತು. ‘ಪ್ಲಾಟ್‌ಫಾರ್ಮ್’ ಬಂದಾಗ ವೇದಿಕೆ ಎಂದುಕೊಂಡಳು. ಮೂರು ಪ್ರಶ್ನೆ ಹೋದವು. ಪದಸಂಪತ್ತಿನಲ್ಲಿ ಅವಳಿಗೆ ಯಾವ ಕೊರತೆಯೂ ಇರಲಿಲ್ಲ. ಒಂದು ಹಕಾರ ಎಡವಿಸಿತು, ಮಿಕ್ಕಿದ್ದನ್ನು ಅವಳ ಬುದ್ಧಿವಂತಿಕೆಯೇ ಪೂರೈಸಿತು.

ಈ ಹಿಂಡುವಿಕೆಯಲ್ಲಿ ಅತಿ ಅಪಾಯದ ಜೋಡಿ ‘ಕ್ಯಾನ್’ ಮತ್ತು ‘ಕಾಂಟ್’. ನಾವು ‘ಕ್ಯಾನ್’ ಎಂದು ತುಂಬು ಬಾಯಲ್ಲಿ ಹೇಳುತ್ತೇವೆ. ಅವರು ‘ಬರಬಲ್ಲೆ’ ಎನ್ನುವಾಗ ಅದನ್ನು ‘ಕನ್’ ಎಂದು ನುಂಗಿ, ಒತ್ತನ್ನೆಲ್ಲ ‘ಕಮ್’ ಮೇಲೆ ಹಾಕುತ್ತಾರೆ. ಬ್ರಿಟಿಷನು ‘ಬರಲಾರೆ’ ಎಂದರೆ ‘ಕಾಂಟ್’ ಎಂಬ ದೀರ್ಘ ಸ್ವರ ಸ್ಪಷ್ಟವಾಗಿ ಕೇಳಿಸುತ್ತದೆ, ಅಲ್ಲಿ ತೊಂದರೆಯಿಲ್ಲ. ಅಮೆರಿಕದವನು ಹೇಳಿದರೆ ಅದೇ ಮಾತು ‘ಕ್ಯಾನ್ಟ್’, ಕೊನೆಯ ಟಕಾರ ಕೇಳಿಸೀತು, ಕೇಳಿಸದೆಯೂ ಇದ್ದೀತು. ಆಗ ನಮ್ಮವನ ಕಿವಿಗೆ ಬೀಳುವುದು ಏನು? ಅವನು ಜೀವನವಿಡೀ ‘ಹೌದು’ ಎಂಬರ್ಥದಲ್ಲಿ ಉಚ್ಚರಿಸಿದ ‘ಕ್ಯಾನ್’! ಇಲ್ಲ ಎಂದದ್ದನ್ನು ಹೌದು ಎಂದು ಬರೆದು ಬರುತ್ತಾನೆ. ಇದಕ್ಕೆ ನನ್ನ ಸಲಹೆ: ಕೊನೆಯ ಟಕಾರಕ್ಕೆ ಕಾಯಬೇಡಿ, ಒತ್ತು ಎಲ್ಲಿದೆ ಎಂದು ಕೇಳಿ. ಆ ಪದ ಗಟ್ಟಿಯಾಗಿ ಕೇಳಿಸಿದರೆ ಬಹುಪಾಲು ನಕಾರವೇ.

ಈಗ ಅಭ್ಯಾಸಕ್ಕೆ ಬರೋಣ. ಉಕ್ತಲೇಖನ. ಹೌದು, ನೀವು ಪ್ರಾಥಮಿಕ ಶಾಲೆಯಲ್ಲಿ ಸ್ಲೇಟು ಹಿಡಿದು ಮಾಡಿದ ಅದೇ ಉಕ್ತಲೇಖನ. ಹಳೆಯ ಕಾಲದ ಪದ್ಧತಿ ಎಂದು ಮೂಗು ಮುರಿಯಬೇಡಿ. ಕೇಂಬ್ರಿಜ್‌ನವರು ವಿದೇಶೀಯರಿಗೆಂದು ಮೊತ್ತಮೊದಲ ಇಂಗ್ಲಿಷ್ ಪರೀಕ್ಷೆ ನಡೆಸಿದ್ದು 1913ರಲ್ಲಿ. ಆ ಪರೀಕ್ಷೆಯಲ್ಲಿ ಧ್ವನಿಮುದ್ರಣವಿರಲಿಲ್ಲ, ಅರ್ಧ ಗಂಟೆಯ ಉಕ್ತಲೇಖನವಿತ್ತು. ಅನುವಾದ, ಪ್ರಬಂಧ, ಸಾಹಿತ್ಯ, ಧ್ವನಿಶಾಸ್ತ್ರ ಎಲ್ಲ ಸೇರಿ ಗಂಟೆಗಟ್ಟಲೆ ನಡೆದ ಆ ಪರೀಕ್ಷೆಗೆ ಕೂತವರು ಮೂವರು. ಮೂವರೂ ಅನುತ್ತೀರ್ಣರಾದರು. ನಿಮ್ಮ ಮಕ್ಕಳ ಅಂಕಪಟ್ಟಿ ನೋಡಿ ಎದೆಗುಂದಿದಾಗ ಆ ಮೂವರನ್ನು ನೆನೆಸಿಕೊಳ್ಳಿ.

ಮಾಡುವ ಕ್ರಮ ಹೀಗೆ. ಬರಹ ಪಾಠ ಜೊತೆಗಿರುವ ಒಂದು ಧ್ವನಿಯನ್ನು ಆರಿಸಿ. ಇಡೀ ಧ್ವನಿಯನ್ನು ಒಮ್ಮೆ ಸುಮ್ಮನೆ ಕೇಳಿ, ಯಾರು, ಎಲ್ಲಿ, ಏನು ಎಂಬಷ್ಟು ತಿಳಿಯಲಿ. ಆಮೇಲೆ ಅದರಲ್ಲಿ ಅರ್ಧ ನಿಮಿಷದ ತುಣುಕನ್ನು ಮಾತ್ರ ಎತ್ತಿಕೊಳ್ಳಿ. ಹೆಚ್ಚು ಬೇಡ. ಒಂದು ವಾಕ್ಯ ಕೇಳಿ, ನಿಲ್ಲಿಸಿ, ಬರೆಯಿರಿ. ಸಿಗದಿದ್ದರೆ ಹಿಂದೆ ಹೋಗಿ ಮತ್ತೆ ಕೇಳಿ. ಎಷ್ಟು ಸಲ ಕೇಳಿದರೂ ಸಿಗದ ಜಾಗ ಬಂದೇ ಬರುತ್ತದೆ. ಅಲ್ಲಿ ಖಾಲಿ ಬಿಡಬೇಡಿ. ಕೇಳಿಸಿದ ಸದ್ದನ್ನು ಕನ್ನಡ ಅಕ್ಷರದಲ್ಲಿ ಬರೆಯಿರಿ.

ಇಂಗ್ಲಿಷ್ ಮೇಷ್ಟರುಗಳು ಇದಕ್ಕೆ ಸಿಟ್ಟಾಗುತ್ತಾರೆಂದು ಬಲ್ಲೆ. ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರ ಬರೆದುಕೊಂಡದ್ದಕ್ಕೆ ಬೆರಳ ಗೆಣ್ಣಿಗೆ ಪೆಟ್ಟು ತಿಂದವರು ಈ ಸಭೆಯಲ್ಲೂ ಇರಬಹುದು. ಓದುವುದಕ್ಕೆ ಅದು ಊರುಗೋಲು, ಬೇಗ ಬಿಡಬೇಕು ನಿಜ. ಕೇಳುವ ಅಭ್ಯಾಸದಲ್ಲಿ ಮಾತ್ರ ಅದಕ್ಕಿಂತ ಒಳ್ಳೆಯ ಸಾಧನ ನಮ್ಮ ಬಳಿ ಇಲ್ಲ. ಇಂಗ್ಲಿಷಿನ ಕಾಗುಣಿತ ಸದ್ದನ್ನು ಮರೆಮಾಚುತ್ತದೆ, ಕನ್ನಡ ಲಿಪಿ ಸದ್ದನ್ನೇ ಹಿಡಿಯುತ್ತದೆ. ‘ಐ ಶುಡವ್ ಟೋಲ್ಡಿಮಬೌಟಿಟ್’ ಎಂದು ಬರೆದಿರಿ ಎನ್ನಿ. ನೋಡಲು ಅರ್ಥಹೀನ. ಈಗ ಕನ್ನಡ ಪೀರಿಯಡ್ಡಿನಲ್ಲಿ ಮಾಡಿದಂತೆ ಬಿಡಿಸಿ ಬರೆಯಿರಿ. ‘ಅಬೌಟಿಟ್’ ಬಿಡಿಸಿದರೆ ‘ಅಬೌಟ್ ಇಟ್’. ‘ಟೋಲ್ಡಿಮ್’ ಎಂದರೆ? ಹಕಾರ ಬಿದ್ದಿರಬಹುದು, ‘ಟೋಲ್ಡ್ ಹಿಮ್’. ‘ಶುಡವ್’ ಆಗಲೇ ಗೊತ್ತಿದೆ. ಅವನಿಗೆ ಆ ವಿಷಯ ಹೇಳಬೇಕಿತ್ತು, ಹೇಳಲಿಲ್ಲ ಎಂಬ ವಾಕ್ಯ ಕಾಗದದ ಮೇಲೆ ಎದ್ದು ಬರುತ್ತದೆ. ಹೀಗೆ ಕೈಯಾರೆ ಬಿಡಿಸಿದ ಸಂಧಿ ಇನ್ನೊಮ್ಮೆ ಎದುರಾದಾಗ ಕಿವಿ ತಾನೇ ಬಿಡಿಸುತ್ತದೆ.

ಆಮೇಲೆ ಬರಹ ಪಾಠ ತೆರೆದು ಕೆಂಪು ಪೆನ್ನಿನಲ್ಲಿ ತಿದ್ದಿ. ಪ್ರತಿ ತಪ್ಪಿನ ಪಕ್ಕ ಅದು ಯಾವ ಬಗೆಯದೆಂದು ಗುರುತಿಸಿ. ಪದವೇ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಸಂಧಿಯಲ್ಲಿ ತಪ್ಪಿತೇ? ಸರಿಯಾಗಿ ಕೇಳಿಯೂ ಬರೆಯುವಷ್ಟರಲ್ಲಿ ಮರೆತುಹೋಯಿತೇ? ಒಂದು ವಾರ ಹೀಗೆ ಮಾಡಿದರೆ ನಿಮ್ಮ ರೋಗ ನಿಮಗೇ ಗೊತ್ತಾಗುತ್ತದೆ. ಪದ ಸಾಲದವರು ಪದ ಕಲಿಯಬೇಕು, ಅವರಿಗೆ ಉಕ್ತಲೇಖನದಿಂದ ಹೆಚ್ಚು ಲಾಭವಿಲ್ಲ. ನಮ್ಮಲ್ಲಿ ಬಹಳ ಮಂದಿಯ ಕೆಂಪು ಗುರುತುಗಳು ಸಂಧಿಯ ಪಕ್ಕವೇ ಬೀಳುತ್ತವೆ. ಕಡೆಗೆ ಬರಹ ಪಾಠವನ್ನು ನೋಡುತ್ತ ಧ್ವನಿಯ ಜೊತೆಜೊತೆಗೇ ಗಟ್ಟಿಯಾಗಿ ಹೇಳಿ, ಅವರು ನುಂಗಿದಲ್ಲಿ ನೀವೂ ನುಂಗಿ. ಮರುದಿನ ಪಾಠ ನೋಡದೆ ಅದೇ ತುಣುಕನ್ನು ಇನ್ನೊಮ್ಮೆ ಕೇಳಿ. ಎಲ್ಲ ಸೇರಿ ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಎರಡು ಗಂಟೆ ಇಂಗ್ಲಿಷ್ ಪಾಡ್‌ಕಾಸ್ಟ್ ಹರಿಯಬಿಡುವುದಕ್ಕಿಂತ ಇದು ಮೇಲು. ಅದೂ ಬೇಡವೆನ್ನುವುದಿಲ್ಲ, ಆದರೆ ಅದನ್ನು ಅಭ್ಯಾಸದ ಲೆಕ್ಕಕ್ಕೆ ಬರೆದುಕೊಳ್ಳಬೇಡಿ.

ಧ್ವನಿಗಳು ಎಲ್ಲಿ ಸಿಗುತ್ತವೆ? ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ‘6 ಮಿನಿಟ್ ಇಂಗ್ಲಿಷ್’ ಇದೇ ಮಟ್ಟದವರಿಗೆ ಹೊಂದುತ್ತದೆ, ಬರಹ ಪಾಠವೂ ಜೊತೆಗಿರುತ್ತದೆ. ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ತಾಣದಲ್ಲಿ ಎ1, ಎ2, ಬಿ1 ಎಂದು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದಾರೆ. ಕೇಂಬ್ರಿಜ್ ತನ್ನ ಮಾದರಿ ಪತ್ರಿಕೆಗಳನ್ನು ಧ್ವನಿಯ ಸಮೇತ ಉಚಿತವಾಗಿಯೇ ಕೊಡುತ್ತದೆ. ದುಡ್ಡು ಕೊಟ್ಟು ಏನನ್ನೂ ಕೊಳ್ಳುವ ಅಗತ್ಯ ಈ ಮಟ್ಟದಲ್ಲಿ ಇಲ್ಲ.

ಸಿನಿಮಾ ನೋಡಬಹುದೇ ಎಂದು ಯುವಕರು ಕೇಳುತ್ತಾರೆ. ನೋಡಿ, ಸಂತೋಷಪಡಿ. ಬಿ1 ಮಟ್ಟ ಕೇಳುವುದು ಪರಿಚಿತ ವಿಷಯಗಳ ಮೇಲಿನ ಸ್ಪಷ್ಟವಾದ, ಶಿಷ್ಟ ಮಾತನ್ನು: ಶಾಲೆ, ಕೆಲಸ, ಪ್ರವಾಸ, ಬಿಡುವು. ಸಿನಿಮಾದಲ್ಲಿ ಗೊಣಗುತ್ತಾರೆ, ಕಿರುಚುತ್ತಾರೆ, ಹಿಂದೆ ಗುಂಡಿನ ಸದ್ದಿರುತ್ತದೆ. ಅದು ಅರ್ಥವಾಗದಿದ್ದರೆ ಪರೀಕ್ಷೆಯೂ ಆಗುವುದಿಲ್ಲ ಎಂದು ಹೆದರಬೇಡಿ. ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡರೆ ನೀವು ಮಾಡುತ್ತಿರುವುದು ಓದು, ಅದನ್ನು ಲಿಸನಿಂಗ್ ಎನ್ನಬೇಡಿ. ಇನ್ನು ಮೊಬೈಲಿನಲ್ಲಿ ವೇಗ ತಗ್ಗಿಸಿ ಕೇಳುವ ಚಟ. ಪರೀಕ್ಷೆಯಲ್ಲಿ ಯಾರೂ ನಿಮಗಾಗಿ ವೇಗ ತಗ್ಗಿಸುವುದಿಲ್ಲ. ಎಳೆದು ಕೇಳುವ ಬದಲು ಎರಡು ಸೆಕೆಂಡಿನ ತುಣುಕನ್ನೇ ಪೂರ್ಣ ವೇಗದಲ್ಲಿ ಹತ್ತು ಸಲ ಕೇಳಿ.

ಮೂರನೆಯ ಭಾಗಕ್ಕೆ ಪ್ರತ್ಯೇಕ ತಯಾರಿ ಬೇಕು. ಒಬ್ಬರೇ ಮಾತನಾಡುತ್ತಾರೆ, ನೀವು ಟಿಪ್ಪಣಿಯಲ್ಲಿ ಬಿಟ್ಟಿರುವ ಆರು ಜಾಗ ತುಂಬಬೇಕು. ಒಂದೋ ಎರಡೋ ಪದ, ಇಲ್ಲವೇ ಸಂಖ್ಯೆ, ದಿನಾಂಕ, ಸಮಯ. ಇಲ್ಲಿ ಕನ್ನಡಿಗರಿಗೆಂದೇ ಒಂದು ಗುಂಡಿ ಇದೆ. ನಾವು ಆರೂ ಮುಕ್ಕಾಲು ಎನ್ನುತ್ತೇವೆ, ಮುಗಿದ ಗಂಟೆಯನ್ನು ಹೆಸರಿಸಿ. ಅವರು ‘ಕ್ವಾರ್ಟರ್ ಟು ಸೆವೆನ್’ ಎನ್ನುತ್ತಾರೆ, ಬರಲಿರುವ ಗಂಟೆಯನ್ನು ಹೆಸರಿಸಿ. ‘ಸೆವೆನ್’ ಎಂದು ಕಿವಿಗೆ ಬಿದ್ದದ್ದೇ ತಡ ನಮ್ಮವರ ಪೆನ್ನು 7 ಬರೆದಾಗಿರುತ್ತದೆ. ಬ್ರಿಟಿಷರು ಆಡುಮಾತಿನಲ್ಲಿ ‘ಹಾಫ್ ಸೆವೆನ್’ ಎಂದರೆ ಏಳೂವರೆ, ಆರೂವರೆಯಲ್ಲ. ‘ಥರ್ಟೀನ್’ ಮತ್ತು ‘ಥರ್ಟಿ’ ಜೋಡಿಯಲ್ಲಿ ಕೊನೆಯ ನಕಾರವನ್ನು ನಂಬಬೇಡಿ, ಸ್ವರದ ಉದ್ದವನ್ನೂ ಒತ್ತನ್ನೂ ಕೇಳಿ. ಹದಿಮೂರಿನಲ್ಲಿ ‘ಟೀ’ ಎಳೆದು ಬರುತ್ತದೆ, ಮೂವತ್ತರಲ್ಲಿ ‘ಟಿ’ ಚೋಟಾಗಿ ಮುಗಿಯುತ್ತದೆ.

ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿದರೆ ಒಂದಕ್ಷರವೂ ತಪ್ಪಬಾರದು. ಬ್ರಿಟಿಷನ ‘ಆರ್’ ಬರೀ ‘ಆ’ ಎಂದು ಕೇಳಿಸುತ್ತದೆ, ಅದನ್ನು ಇಂಗ್ಲಿಷಿನ ಮೊದಲ ಅಕ್ಷರ ಎಂದು ಬರೆದವರನ್ನು ಬೇಕಾದಷ್ಟು ನೋಡಿದ್ದೇನೆ. ಮೊದಲ ಅಕ್ಷರ ‘ಎಯ್’ ಎಂದು ಕೇಳಿಸಬೇಕು. ಕೊನೆಯ ಅಕ್ಷರ ಬ್ರಿಟಿಷರಿಗೆ ‘ಝೆಡ್’, ಅಮೆರಿಕದವರಿಗೆ ‘ಝೀ’. ಜಿ ಮತ್ತು ಜೆ, ಬಿ ಮತ್ತು ವಿ, ಎಂ ಮತ್ತು ಎನ್ ಇವುಗಳ ಗೊಂದಲಕ್ಕೆ ಮನೆಯಲ್ಲೇ ಮದ್ದಿದೆ. ಅಣ್ಣನೋ ಅಕ್ಕನೋ ಯಾವುದಾದರೂ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಬೇಗಬೇಗ ಹೇಳಲಿ, ನೀವು ಬರೆದುಕೊಳ್ಳಿ. ಊಟಕ್ಕೆ ಕೂತಾಗ ಆಡಬಹುದಾದ ಆಟ.

ನಾಲ್ಕನೆಯ ಭಾಗ ಒಂದು ಸಂದರ್ಶನ. ಪ್ರಶ್ನೆಗಳು ಧ್ವನಿಯ ಕ್ರಮದಲ್ಲೇ ಇರುತ್ತವೆ, ಸಂದರ್ಶಕ ಹೊಸ ಪ್ರಶ್ನೆ ಕೇಳಿದ ಎಂದರೆ ನೀವೂ ಮುಂದಿನ ಪ್ರಶ್ನೆಗೆ ದಾಟಬೇಕು. ಹಿಂದಿನದು ಉಳಿದಿದ್ದರೆ ಉಳಿಯಲಿ, ಎರಡನೆಯ ಸಲಕ್ಕೆ. ಒಂದಕ್ಕೆ ಅಂಟಿಕೊಂಡು ಮೂರು ಕಳೆದುಕೊಳ್ಳುವುದೇ ಇಲ್ಲಿ ಮಾಮೂಲು.

ಪರೀಕ್ಷೆಯ ದಿನದ ಬಗ್ಗೆ ಎರಡು ಮಾತು. ಧ್ವನಿ ಶುರುವಾಗುವ ಮುಂಚೆ ಪ್ರಶ್ನೆ ಓದಲು ಕೆಲವು ಸೆಕೆಂಡು ಕೊಡುತ್ತಾರೆ. ಆಗ ಯಾರೂ ಕಣ್ಣು ಮುಚ್ಚಿ ದೇವರನ್ನು ನೆನೆಯಬೇಡಿ, ಆ ಕೆಲಸ ಮನೆಯಲ್ಲೇ ಮುಗಿಸಿ ಬನ್ನಿ. ಪ್ರಶ್ನೆ ಓದಿ, ಉತ್ತರ ಯಾವ ಜಾತಿಯದು, ಸಂಖ್ಯೆಯೇ, ಜಾಗವೇ, ಅಭಿಪ್ರಾಯವೇ ಎಂದು ನಿಶ್ಚಯಿಸಿಕೊಳ್ಳಿ. ಮನೆಯಲ್ಲಿ ಇಯರ್‌ಫೋನ್ ಇಟ್ಟುಕೊಂಡೇ ಅಭ್ಯಾಸ ಮಾಡಿದವರಿಗೆ ಕೋಣೆಯ ಸ್ಪೀಕರಿನಿಂದ ಬರುವ ಧ್ವನಿ ಬೇರೆಯೇ ಅನ್ನಿಸುತ್ತದೆ. ಆದ್ದರಿಂದ ಕಡೆಯ ಎರಡು ವಾರ ಮೊಬೈಲನ್ನು ಕೋಣೆಯ ಆ ತುದಿಯಲ್ಲಿಟ್ಟು, ಫ್ಯಾನ್ ಹಾಕಿಕೊಂಡು ಕೇಳಿ. ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿದ್ದರೆ ಇನ್ನೂ ಒಳ್ಳೆಯದು. ಏನೂ ತೋಚದಿದ್ದರೂ ಒಂದು ಉತ್ತರ ಹಾಕಿಯೇ ಬನ್ನಿ, ಮೂರರಲ್ಲಿ ಒಂದರ ಅದೃಷ್ಟವನ್ನು ಬಿಟ್ಟುಕೊಡುವುದೇಕೆ?

ಮುಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದ್ದಾರೆ: ಇಷ್ಟೆಲ್ಲ ಕೇಳಿಸಿಕೊಂಡರೆ ಮಗಳು ಬ್ರಿಟಿಷರಂತೆಯೇ ಮಾತನಾಡಬೇಕಾಗುತ್ತದೆಯೇ? ಬೇಡಮ್ಮ. ಮಾತಿನ ಪರೀಕ್ಷೆಯಲ್ಲಿ ಅವರು ನೋಡುವುದು ಹೇಳಿದ್ದು ಅರ್ಥವಾಗುತ್ತದೆಯೇ ಎಂದು. ನಮ್ಮ ಮಗಳು ನಮ್ಮ ಉಚ್ಚಾರದಲ್ಲೇ ಸ್ಪಷ್ಟವಾಗಿ ಮಾತನಾಡಲಿ. ಧ್ವನಿಯ ಜೊತೆ ಹೇಳಿಕೊಳ್ಳುವ ಅಭ್ಯಾಸ ಕಿವಿಗಾಗಿ, ಬಾಯಿಗಾಗಿ ಅಲ್ಲ.

ಇನ್ನೊಂದು ಚೀಟಿ ಬಂದಿದೆ, ಹೆಸರು ಬರೆದಿಲ್ಲ. ಮಗನಿಗೆ ಒಂದು ಕಿವಿ ಮಂದ, ಲಿಸನಿಂಗ್ ಇದೆಯೆಂದು ಪರೀಕ್ಷೆಯನ್ನೇ ಕೈಬಿಡಬೇಕೆಂದಿದ್ದೇವೆ ಎಂದು ಬರೆದಿದ್ದಾರೆ. ದಯವಿಟ್ಟು ಬಿಡಬೇಡಿ. ಶ್ರವಣದೋಷವಿರುವವರಿಗೆ ಕೇಂಬ್ರಿಜ್‌ನಲ್ಲಿ ವಿಶೇಷ ವ್ಯವಸ್ಥೆಗಳಿವೆ. ತುಟಿಚಲನೆ ನೋಡಿ ತಿಳಿಯುವವರಿಗಾಗಿ, ಮೇಲ್ವಿಚಾರಕರು ಎದುರು ಕೂತು ಪಾಠವನ್ನು ಓದಿ ಹೇಳುವ ರೂಪವೂ ಇದೆ. ಇವು ಯಾವುವೂ ಪರೀಕ್ಷೆಯ ಬೆಳಿಗ್ಗೆ ಹೋಗಿ ಕೇಳಿದರೆ ಸಿಗುವುದಿಲ್ಲ. ನೋಂದಣಿ ಮಾಡಿಸುವ ಹೊತ್ತಿಗೇ ಪರೀಕ್ಷಾ ಕೇಂದ್ರಕ್ಕೆ ತಿಳಿಸಿ, ವೈದ್ಯರ ಪತ್ರವನ್ನು ಜೊತೆಗಿಡಿ, ಯಾವ ವ್ಯವಸ್ಥೆ ಕೊಡುತ್ತಾರೆಂದು ಬರವಣಿಗೆಯಲ್ಲೇ ಕೇಳಿ ಪಡೆಯಿರಿ.